‘ಹಳ್ಳಿ ಅಂದ್ರೆ ಹೀಗಿರಬೇಕು’ ಅನ್ನುವವರಿಗೆ

ಲಂಡನ್ನಿನಿಂದ ಎರಡು ದಿನಕ್ಕೆ ಕಾಟ್ಸ್‌ವೋಲ್ಡ್ಸ್‌ಗೆ ಹೋಗಿ ಬಂದವರು ಕನ್ನಡದಲ್ಲಿ ಬರೆಯುವ ಲೇಖನವನ್ನು ನಾನು ಓದದೆಯೇ ಹೇಳಬಲ್ಲೆ. ಮೊದಲ ಪ್ಯಾರಾದಲ್ಲಿ ‘ಕಾಲ ಇಲ್ಲಿ ನಿಂತುಬಿಟ್ಟಿದೆ’ ಎಂಬ ಮಾತಿರುತ್ತದೆ. ಎರಡನೆಯದರಲ್ಲಿ ಜೇನಿನ ಬಣ್ಣದ ಕಲ್ಲುಮನೆಗಳು, ಕಿಟಕಿಗೊಂದು ಹೂಕುಂಡ, ಹೊಳೆಯಲ್ಲಿ ಬಾತುಕೋಳಿ. ಆಮೇಲೆ ಸ್ಕೋನ್, ಜ್ಯಾಮ್, ಕ್ರೀಮ್ ಸೇರಿದ ಒಂದು ಚಹಾ. ಕೊನೆಗೆ ಒಂದು ನಿಟ್ಟುಸಿರು: ನಮ್ಮ ಹಳ್ಳಿಗಳೂ ಹೀಗಿದ್ದಿದ್ದರೆ! ಎಷ್ಟು ಅಚ್ಚುಕಟ್ಟು, ಎಷ್ಟು ಮೌನ, ರಸ್ತೆಯ ಮೇಲೆ ಒಂದು ಸಗಣಿಯ ಗುರುತೂ ಇಲ್ಲ.

ಈ ನಿಟ್ಟುಸಿರಿನ ಮೇಲೆ ನನಗೆ ಸಿಟ್ಟಿದೆ. ಅದು ಬಹಳ ದಿನದ ಸಿಟ್ಟು, ಕಾಟ್ಸ್‌ವೋಲ್ಡ್ಸ್ ನೋಡುವ ಮೊದಲಿನದು. ನೋಡಿ ಬಂದ ಮೇಲೆ ಅದಕ್ಕೆ ಕಾರಣಗಳೂ ಸಿಕ್ಕಿದವು.

ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ. ನಾನು ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಕೂಲಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಅಜ್ಜಿ ಮೂಡಿಗೆರೆ ತಾಲ್ಲೂಕಿನ ಒಂದು ತೋಟದ ಲೈನು ಮನೆಯಲ್ಲಿ ಮೂವತ್ತೊಂಬತ್ತು ವರ್ಷ ಇದ್ದವಳು. ಹೊರಗಿನವರಿಗೆ ಹೇಳಬೇಕೆಂದರೆ, ಲೈನು ಮನೆ ಎಂದರೆ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು, ತೋಟದ ಆಳುಗಳಿಗಾಗಿ. ಹನ್ನೊಂದು ವರ್ಷದ ಹಿಂದೆ ತೋಟದವರು ಹೋಂಸ್ಟೇ ಶುರು ಮಾಡಿದರು. ಅತಿಥಿಗಳ ಕೋಣೆಯ ಬಾಲ್ಕನಿಯಿಂದ ಕಣಿವೆ ನೋಡಿದರೆ ನಡುವೆ ನಮ್ಮ ಲೈನು ಅಡ್ಡ ಬರುತ್ತಿತ್ತು. ‘ವ್ಯೂ ಹಾಳಾಗುತ್ತೆ’ ಎಂದು ಅದನ್ನು ಕೆಡವಿ, ಆಳುಗಳಿಗೆ ಗುಡ್ಡದ ಹಿಂದೆ ಶೀಟಿನ ಮನೆ ಕಟ್ಟಿಕೊಟ್ಟರು. ನ್ಯಾಯವಾಗಿ ಹೇಳಬೇಕೆಂದರೆ ಹೊಸ ಮನೆ ಹಳೆಯದಕ್ಕಿಂತ ಗಟ್ಟಿಯಾಗಿತ್ತು, ಒಳಗೆ ನಲ್ಲಿಯೂ ಇತ್ತು. ಆದರೆ ವ್ಯೂ ಎಂಬ ಪದವನ್ನು ನನ್ನ ಅಜ್ಜಿ ಅವತ್ತು ಮೊದಲ ಸಲ ಕೇಳಿದ್ದು. ಅದೇನೋ ದೊಡ್ಡ ಸಾಹೇಬರ ಹೆಸರಿರಬೇಕು ಅಂದುಕೊಂಡಿದ್ದಳಂತೆ. ಆ ಹೋಂಸ್ಟೇ ಬಗ್ಗೆ ಕನ್ನಡದಲ್ಲಿ ಎರಡು ಪ್ರವಾಸ ಲೇಖನ ಬಂದಿವೆ. ಎರಡರಲ್ಲೂ ಆ ಬಾಲ್ಕನಿ ಇದೆ.

ಮೂರು ತಿಂಗಳ ಮಟ್ಟಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಲು ಲಂಡನ್ನಿಗೆ ಹೋಗಿದ್ದೆ. ಗೆಳತಿಯ ಅಕ್ಕನ ಸಂಸಾರ ರೆಡಿಂಗ್‌ನಲ್ಲಿದೆ. ‘ಬರೀ ಹಳೇ ಪೇಪರ್ ನೋಡಿ ನೋಡಿ ನೀನೂ ಹಳದಿ ಆಗಿದ್ದೀಯ, ವೀಕೆಂಡ್ ಬಾ’ ಎಂದು ಕರೆದರು. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಐದು ಜನ, ಒಂದು ಡಬ್ಬಿ ಪುಳಿಯೋಗರೆ. ನಾನು ಮುಂದೆ ಹೇಳುವ ಕಟುವಾದ ಮಾತೆಲ್ಲ ಆ ಪುಳಿಯೋಗರೆ ತಿಂದವರ ಮಾತು ಎಂದು ಓದುಗರು ನೆನಪಿಟ್ಟುಕೊಳ್ಳಬಹುದು.

ರೆಡಿಂಗ್‌ನಿಂದ ಆಕ್ಸ್‌ಫರ್ಡಿಗೆ ಹೋಗುವ ದಾರಿಯಲ್ಲಿ, ಆಕ್ಸ್‌ಫರ್ಡ್ ಇನ್ನೇನು ಬಂತು ಅನ್ನುವಾಗ, ರಸ್ತೆಯ ಎರಡೂ ಬದಿಗೆ ಒಂದೇ ಥರದ ಜೋಡಿಮನೆಗಳು ಸಾಲಾಗಿ ನಿಂತಿರುತ್ತವೆ. ಒಂದರ ಅಚ್ಚಿನಲ್ಲಿ ಇನ್ನೊಂದನ್ನು ತೆಗೆದಂತೆ. ‘ಕ್ಯೂಟ್ ಅಲ್ವಾ’ ಅಂದರು ಅಕ್ಕ. ಕಾರು ಅರ್ಧ ನಿಮಿಷದಲ್ಲಿ ದಾಟಿಬಿಟ್ಟಿತು. ಆ ಊರಿನ ಹೆಸರು ನ್ಯೂನ್‌ಹ್ಯಾಮ್ ಕೋರ್ಟ್ನಿ. ನನಗೆ ಅದು ಲೈನು ಮನೆಯಂತೆ ಕಂಡಿತು. ಕಂಡದ್ದು ತಪ್ಪೇನೂ ಆಗಿರಲಿಲ್ಲ.

1760ರ ದಶಕದಲ್ಲಿ ಆ ಜಾಗದ ಒಡೆಯನಾಗಿದ್ದವನು ಮೊದಲನೇ ಅರ್ಲ್ ಹಾರ್ಕೋರ್ಟ್. ಥೇಮ್ಸ್ ನದಿಯ ಮೇಲಿನ ದಿಬ್ಬದಲ್ಲಿ ಹೊಸ ಮಹಲು ಕಟ್ಟಿಕೊಂಡ. ಮಹಲಿನ ಸುತ್ತ ಉದ್ಯಾನ ಬೇಕು. ಉದ್ಯಾನ ಬರಬೇಕಾದ ಜಾಗದಲ್ಲಿ ಒಂದು ಹಳೆಯ ಹಳ್ಳಿ ಇತ್ತು. ಹಳ್ಳಿಯನ್ನೇ ಕಿತ್ತು ಮಹಲಿನಿಂದ ದೂರ, ಹೆದ್ದಾರಿಯ ಬದಿಗೆ ಸಾಲುಮನೆ ಕಟ್ಟಿಸಿ ಅಲ್ಲಿ ಕೂರಿಸಿದ. ಹಳೆಯ ಚರ್ಚೂ ಹೋಯಿತು. ಅದರ ಬದಲು ಗ್ರೀಕ್ ದೇವಾಲಯದಂತೆ ಕಾಣುವ ಹೊಸ ಚರ್ಚು ಬಂತು. ಬಾರ್ಬರಾ ವಯಟ್ ಎಂಬ ಒಬ್ಬಳು ಮುದುಕಿ ಮಾತ್ರ ತನ್ನ ಗುಡಿಸಲು ಬಿಟ್ಟು ಹೋಗಲಾರೆ ಎಂದು ಬೇಡಿಕೊಂಡಳು. ಒಡೆಯ ಕರುಣೆ ತೋರಿಸಿ ಅವಳು ಸಾಯುವವರೆಗೂ ಅಲ್ಲಿರಲು ಬಿಟ್ಟ. ಬಂದ ಅತಿಥಿಗಳಿಗೆ ಅವಳೂ ಅವಳ ಮನೆಯ ಮರವೂ ನೋಡುವ ವಸ್ತುಗಳಾದವು.

ಇಲ್ಲಿಂದ ಮುಂದಿನದು ನಮ್ಮಂಥ ಬರೆಯುವವರಿಗೆ ಸಂಬಂಧಿಸಿದ್ದು. ಈ ಊರು ಕೀಳುವ ಸಂಗತಿಯ ಸುತ್ತ ಎರಡು ಪದ್ಯಗಳಿವೆ. ಒಂದನ್ನು ಬರೆದವನು ವಿಲಿಯಂ ವೈಟ್‌ಹೆಡ್, ಆಗಿನ ಆಸ್ಥಾನಕವಿ, ಹಾರ್ಕೋರ್ಟ್ ಮನೆತನದ ಸ್ನೇಹಿತ. ಹಳ್ಳಿಯನ್ನು ಸರಿಸಿದ್ದು ಎಷ್ಟು ಒಳ್ಳೆಯ ಕೆಲಸ ಎಂಬುದು ಅವನ ಪದ್ಯದ ಭಾವ. ಆ ಮುದುಕಿಯನ್ನೂ ಅದರಲ್ಲಿ ತಂದು ಒಡೆಯನ ದಯೆಗೆ ಸಾಕ್ಷಿಯಾಗಿ ನಿಲ್ಲಿಸಿದ್ದಾನೆ. ಇನ್ನೊಂದು ಆಲಿವರ್ ಗೋಲ್ಡ್‌ಸ್ಮಿತ್ 1770ರಲ್ಲಿ ಪ್ರಕಟಿಸಿದ ‘ದ ಡೆಸರ್ಟೆಡ್ ವಿಲೇಜ್’. ಸಿರಿವಂತನೊಬ್ಬನ ಸೊಬಗಿಗಾಗಿ ಬರಿದಾದ ಹಳ್ಳಿಯ ಮೇಲಿನ ಶೋಕ ಅದು. ಆ ಹಳ್ಳಿ ನ್ಯೂನ್‌ಹ್ಯಾಮೇ ಇರಬೇಕು ಎಂದು ಹಲವು ವಿದ್ವಾಂಸರು ನಂಬುತ್ತಾರೆ. ಇದೂ ಆಶ್ಚರ್ಯದ ಮಾತೇ: ಗೋಲ್ಡ್‌ಸ್ಮಿತ್‌ನ ಪದ್ಯ ನಮ್ಮ ಅಜ್ಜಂದಿರ ಕಾಲದ ಇಂಗ್ಲಿಷ್ ಪಠ್ಯಗಳಲ್ಲಿ ಬೇಕಾದಷ್ಟು ಸಲ ಬಂದಿದೆ, ಬಾಯಿಪಾಠ ಮಾಡಿದವರೂ ಇದ್ದರು. ಆದರೂ ಇಂಗ್ಲೆಂಡಿನ ಹಳ್ಳಿ ನೋಡಲು ಹೊರಟ ಕನ್ನಡಿಗರು ಕಿಸೆಯಲ್ಲಿಟ್ಟುಕೊಂಡು ಹೋಗಿದ್ದು ವೈಟ್‌ಹೆಡ್‌ನ ಕಣ್ಣನ್ನು. ಅವನ ಹೆಸರೂ ಕೇಳದೆ.

ಅದು ಎಲ್ಲಿಂದ ಬಂತು ಎಂಬುದು ಬಿಡಿಸಲಾಗದ ಒಗಟೇನಲ್ಲ. ನವೋದಯದ ಓದುಗರಿಗೆ ಇಂಗ್ಲೆಂಡ್ ಮೊದಲು ಸಿಕ್ಕಿದ್ದು ಪದ್ಯವಾಗಿ. ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ ನಮ್ಮ ಕಾವ್ಯಕ್ಕೆ ಹೊಸ ಲಯ ಕೊಟ್ಟಿತು, ಅದರ ಋಣ ದೊಡ್ಡದು. ಕುವೆಂಪು ಮಲೆನಾಡನ್ನು ಕಂಡದ್ದರಲ್ಲಿ ವರ್ಡ್ಸ್‌ವರ್ತ್‌ನ ಪಾಲೂ ಇದೆ. ಆದರೆ ಕುವೆಂಪು ಕಾಡು ನೋಡಿ ಕೈಮುಗಿದು ಸುಮ್ಮನಾಗಲಿಲ್ಲ. ಅದೇ ಕಾಡಿನೊಳಗಿನ ಗುತ್ತಿ, ತಿಮ್ಮಿ, ಐತ, ಪೀಂಚಲು ಇವರ ಹಿಂದೆ ನೂರಾರು ಪುಟ ನಡೆದರು. ಆಳುಗಳಿಲ್ಲದ ಮಲೆನಾಡನ್ನು ಅವರ ಕಾದಂಬರಿಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮ ಪ್ರವಾಸ ಬರಹ ಮಾತ್ರ ಆ ನಡಿಗೆಯನ್ನು ಕಲಿಯಲಿಲ್ಲ. ಅದು ವಿಮಾನ ಹತ್ತಿದ ಕೂಡಲೇ ನಿಸರ್ಗ ಕವಿಯಾಗಿಬಿಡುತ್ತದೆ.

ಮಧ್ಯಾಹ್ನ ಬರ್ಫರ್ಡ್. ಇಳಿಜಾರಿನ ಮುಖ್ಯ ಬೀದಿ, ಅಡಿಯಲ್ಲಿ ವಿಂಡ್‌ರಷ್ ಹೊಳೆ, ಪಕ್ಕದಲ್ಲಿ ಉಣ್ಣೆಯ ದುಡ್ಡಿನಲ್ಲಿ ಬೆಳೆದ ದೊಡ್ಡ ಚರ್ಚು. ಮಧ್ಯಯುಗದಲ್ಲಿ ಈ ಸೀಮೆಯ ಕುರಿಯ ಉಣ್ಣೆಗೆ ಯೂರೋಪಿನಲ್ಲೆಲ್ಲ ಬೇಡಿಕೆ ಇತ್ತು, ವರ್ತಕರು ಪುಣ್ಯಕ್ಕೆಂದು ಚರ್ಚು ಕಟ್ಟಿಸಿದರು. 1649ರ ಮೇ ತಿಂಗಳಲ್ಲಿ ಕ್ರಾಮ್ವೆಲ್ ತನ್ನದೇ ಸೈನ್ಯದ ಬಂಡಾಯಗಾರರನ್ನು, ಲೆವೆಲ್ಲರ್ಸ್ ಎನಿಸಿಕೊಂಡವರನ್ನು, ಈ ಚರ್ಚಿನಲ್ಲೇ ಕೂಡಿಹಾಕಿದ. ಮುನ್ನೂರಕ್ಕೂ ಹೆಚ್ಚು ಜನ. ಬಾಕಿ ಸಂಬಳ ಕೇಳಿದ್ದು, ಐರ್ಲೆಂಡಿನ ಯುದ್ಧಕ್ಕೆ ಹೊರಡಲು ಒಪ್ಪದಿದ್ದದ್ದು, ಸಾಮಾನ್ಯ ಜನರಿಗೂ ಆಳ್ವಿಕೆಯಲ್ಲಿ ಮಾತಿರಬೇಕೆಂದದ್ದು ಅವರ ತಪ್ಪುಗಳು. ಮೂವರನ್ನು ಚರ್ಚಿನ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಕೈದಿಗಳಲ್ಲಿ ಒಬ್ಬ, ಆಂಟನಿ ಸೆಡ್ಲಿ, ದೀಕ್ಷಾಸ್ನಾನದ ತೊಟ್ಟಿಯ ಅಂಚಿನ ಮೇಲೆ ತನ್ನ ಹೆಸರನ್ನೂ ಇಸವಿಯನ್ನೂ ಕೊರೆದಿದ್ದಾನೆ, ಜೊತೆಗೆ ಕೈದಿ ಎಂಬ ಪದವನ್ನು ಕಾಗುಣಿತ ತಪ್ಪಿ. ಅದರ ಮೇಲೆ ಬೆರಳಾಡಿಸಿದೆ. ನಮ್ಮವರು ಹೊರಗೆ ಒಂದು ಹಳೆಯ ಮಿಠಾಯಿ ಅಂಗಡಿ ಕಂಡುಹಿಡಿದಿದ್ದರು, ಅಲ್ಲಿಂದ ಫೋನು ಬಂತು.

ಬೈಬರಿಗೆ ಬಂದಾಗ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ವಿಲಿಯಂ ಮಾರಿಸ್ ಇಂಗ್ಲೆಂಡಿನ ಅತಿ ಸುಂದರ ಹಳ್ಳಿ ಎಂದನಂತೆ, ಅಂದಿನಿಂದ ಅದಕ್ಕೆ ನೆಮ್ಮದಿಯಿಲ್ಲ. ಎಲ್ಲರೂ ನೋಡಬರುವುದು ಆರ್ಲಿಂಗ್ಟನ್ ರೋ ಎಂಬ ಒಂದು ಸಾಲುಮನೆಯನ್ನು. ಹದಿನಾಲ್ಕನೇ ಶತಮಾನದಲ್ಲಿ ಮಠದವರ ಉಣ್ಣೆ ಉಗ್ರಾಣವಾಗಿ ಕಟ್ಟಿದ್ದು, ಹದಿನೇಳನೆಯದರಲ್ಲಿ ಅದನ್ನೇ ಪಾಲು ಮಾಡಿ ನೇಕಾರರಿಗೆ ಮನೆ ಮಾಡಿಕೊಟ್ಟರು. ಮುಂದಿನ ಕಾಲುವೆಯಾಚೆಯ ತೇವದ ಹುಲ್ಲಿನಲ್ಲಿ ಅವರು ಬಟ್ಟೆ ಒಣಗಿಸುತ್ತಿದ್ದರು. ಅಂದರೆ ಇದೂ ಲೈನು ಮನೆಯೇ! ಇಂಗ್ಲೆಂಡಿನ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಬೀದಿಗಳಲ್ಲಿ ಒಂದಾದ ಇದು ಕೂಲಿ ನೇಕಾರರು ಮೂಳೆ ಮುರಿದ ಜಾಗ. ಬಟ್ಟೆಯ ಉದ್ಯಮ ಯಾರ್ಕ್‌ಷೈರಿನ ಯಂತ್ರಗಳ ಕಡೆ ಸರಿದ ಮೇಲೆ ಈ ಸೀಮೆಯೆಲ್ಲ ಬಡವಾಯಿತು. ಹೊಸ ಮನೆ ಕಟ್ಟಲು ಯಾರ ಕೈಯಲ್ಲೂ ದುಡ್ಡಿರಲಿಲ್ಲ. ಆದ್ದರಿಂದ ಹಳೆಯ ಮನೆಗಳು ಉಳಿದವು. ‘ಕಾಲ ನಿಂತುಬಿಟ್ಟಿದೆ’ ಎಂದು ನಾವು ಕಣ್ಣರಳಿಸುವುದಕ್ಕೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದು ಸರಳ ಪದವಿದೆ, ಬಡತನ. ಆ ಬಡತನ ಎರಡು ಮೂರು ತಲೆಮಾರು ಉಪವಾಸವಿದ್ದು ಕಾಪಾಡಿದ ಗೋಡೆಯನ್ನು ಹಿಂದೆ ಹಾಕಿಕೊಂಡು ನಾವು ಸೆಲ್ಫಿ ತೆಗೆದುಕೊಳ್ಳುತ್ತೇವೆ. 1930ರ ಹೊತ್ತಿಗೆ ಹೆನ್ರಿ ಫೋರ್ಡ್ ಈ ಸೀಮೆಯ ಚೆಡ್‌ವರ್ತ್ ಊರಿನ ಒಂದು ಕಲ್ಲುಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿಸಿ ಹಡಗಿಗೆ ಹಾಕಿ ಅಮೆರಿಕದ ಮಿಷಿಗನ್‌ಗೆ ಸಾಗಿಸಿದ. ಅವನನ್ನು ಕಂಡು ನಗುವುದು ಸುಲಭ. ನಾವೂ ಅದನ್ನೇ ಮಾಡುತ್ತಿದ್ದೇವೆ, ಹಡಗಿನ ಖರ್ಚಿಲ್ಲದೆ.

ಅವತ್ತು ಕಾಲುವೆ ಬದಿಯ ಮೋಟುಗೋಡೆಗೆ ಆತು ನಿಂತು ನಾನೂ ಫೋಟೋ ತೆಗೆದೆ. ಒಂದು ಕಿಟಕಿಯಲ್ಲಿ ಪರದೆ ಸರಿದು, ಒಬ್ಬ ಮುದುಕಿ ನಮ್ಮ ಕಡೆ ನೋಡಿ, ಮತ್ತೆ ಪರದೆ ಎಳೆದಳು. ಅಲ್ಲಿ ಜನ ಬಾಡಿಗೆಗೆ ಇದ್ದಾರೆ, ಅವರಿಗೂ ಬೆಳಗಿನ ಕಾಫಿ, ಮೊಣಕಾಲು ನೋವು ಇರುತ್ತವೆ. ಆ ಪರದೆಯನ್ನು ಎಳೆದ ಕೈ ನನಗೆ ಗೊತ್ತಿತ್ತು. ನಮ್ಮ ಲೈನಿನ ಮುಂದೆ ಜೀಪು ನಿಲ್ಲಿಸಿ ‘ಅಜ್ಜಿ, ಇಲ್ಲಿ ನೋಡಿ’ ಎಂದವರನ್ನು ನೋಡಿ ನನ್ನ ಅಜ್ಜಿ ಹೀಗೇ ಒಳಗೆ ಹೋಗುತ್ತಿದ್ದಳು. ರಾತ್ರಿ ಆ ಫೋಟೋ ಅಳಿಸಿಹಾಕಿದೆ ಎಂದು ಬರೆದರೆ ಓದುಗರಿಗೆ ಸಮಾಧಾನವಾಗಬಹುದು. ಅಳಿಸಿಲ್ಲ. ಇನ್ನೂ ಫೋನಿನಲ್ಲಿದೆ, ಚೆನ್ನಾಗಿಯೂ ಬಂದಿದೆ.

ಬೋರ್ಟನ್ ಆನ್ ದ ವಾಟರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಐಸ್‌ಕ್ರೀಮಿನ ಸಾಲು, ಬಾತುಕೋಳಿಗಿಂತ ಜಾಸ್ತಿ ಮನುಷ್ಯರು. ಅಲ್ಲಿ ಒಂದು ಮಾದರಿ ಹಳ್ಳಿ ಇದೆ. ಇಡೀ ಊರನ್ನು ಒಂಬತ್ತನೇ ಒಂದು ಅಳತೆಗೆ ಇಳಿಸಿ ಅದೇ ಕಲ್ಲಿನಲ್ಲಿ ಕಟ್ಟಿದ್ದಾರೆ, 1937ರಿಂದ ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಆ ಮಾದರಿಯೊಳಗೆ ಮಾದರಿಯ ಮಾದರಿ, ಅದರೊಳಗೆ ಇನ್ನೊಂದು. ಮಕ್ಕಳು ಕುಣಿದಾಡಿದರು, ನನಗೂ ಖುಷಿಯೇ ಆಯಿತು. ಆ ಪುಟ್ಟ ಊರಿನಲ್ಲಿ ಎಲ್ಲವೂ ಇದೆ, ಚರ್ಚಿದೆ, ಮರಗಳಿವೆ, ಹರಿಯುವ ಹೊಳೆಯಿದೆ. ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ. ವಾಟ್ಸಾಪಿನಲ್ಲಿ ಅವತ್ತಿನ ಚಿತ್ರಗಳನ್ನು ಅಮ್ಮನಿಗೆ ಕಳಿಸಿದೆ, ಅವಳು ಅಜ್ಜಿಗೆ ತೋರಿಸಿದಳು. ದೊಡ್ಡ ಊರಿನದು ಯಾವುದು, ಪುಟ್ಟ ಊರಿನದು ಯಾವುದು ಅಜ್ಜಿಗೆ ತಿಳಿಯಲಿಲ್ಲ. ‘ಚೆನ್ನಾಗೈತೆ ಮಗಾ. ಆಳುಕಾಳು ಎಲ್ಲಿರ್ತಾರೆ?’ ಎಂದು ಕೇಳಿದಳಂತೆ.

ಈ ಪ್ರಶ್ನೆಗೆ ಇಂಗ್ಲೆಂಡಿನ ಇತಿಹಾಸದಲ್ಲಿ ಉತ್ತರವಿದೆ. ದಾರಿಯುದ್ದಕ್ಕೂ ಹೊಲಗಳ ನಡುವೆ ಹಾವಿನಂತೆ ಹರಿದಿರುವ ಗಾರೆಯಿಲ್ಲದ ಕಲ್ಲುಗೋಡೆಗಳನ್ನು ಪ್ರವಾಸಿಗರು ತುಂಬಾ ಪ್ರೀತಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಹದಿನೆಂಟು, ಹತ್ತೊಂಬತ್ತನೇ ಶತಮಾನದವು. ಅದಕ್ಕೆ ಮೊದಲು ಅಲ್ಲೆಲ್ಲ ಊರೊಟ್ಟಿನ ಬಯಲಿತ್ತು. ನಮ್ಮ ಗೋಮಾಳ ಇದ್ದ ಹಾಗೆ ಎಂದುಕೊಳ್ಳಿ: ಒಂದು ಹಸು, ನಾಲ್ಕು ಕುರಿ ಮೇಯಿಸುವ, ಸೌದೆ ಆಯುವ, ಕೊಯ್ಲಾದ ಮೇಲೆ ತೆನೆ ಹೆಕ್ಕುವ ಹಕ್ಕು ಬಡವರಿಗಿತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿ 68 ಲಕ್ಷ ಎಕರೆಯಷ್ಟು ಇಂಥ ನೆಲಕ್ಕೆ ಬೇಲಿ ಹಾಕಲು ಅಪ್ಪಣೆ ಕೊಟ್ಟಿತು. ಪಾರ್ಲಿಮೆಂಟಿನಲ್ಲಿ ಕೂತವರೇ ಜಮೀನ್ದಾರರು. ಗೋಮಾಳಕ್ಕೆ ಬೇಲಿ ಹಾಕಿದವನೇ ತಹಸೀಲ್ದಾರನೂ ಆದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಸು ಹೋಯಿತು, ಸೌದೆ ಹೋಯಿತು, ಉಳಿದದ್ದು ದಿನಗೂಲಿ. 1830ರ ಚಳಿಗಾಲದಲ್ಲಿ ಗ್ಲಾಸ್ಟರ್‌ಷೈರ್ ಸೇರಿ ದಕ್ಷಿಣ ಇಂಗ್ಲೆಂಡಿನ ತುಂಬ ಕೂಲಿಗಳು ಒಕ್ಕಣೆ ಯಂತ್ರ ಒಡೆದರು. ನೂರಾರು ಜನರನ್ನು ಹಡಗಿನಲ್ಲಿ ಆಸ್ಟ್ರೇಲಿಯಾದ ಕಡೆಗೆ ಗಡೀಪಾರು ಮಾಡಿದರು. ಮಿಕ್ಕವರು ಕಾರ್ಖಾನೆಗಳ ಊರಿಗೆ ನಡೆದರು. ಇವತ್ತು ನಾವು ಸವರುವ ಆ ಗೋಡೆ ಅವರನ್ನು ಹೊರಗಿಟ್ಟ ಗೋಡೆ. 1966ರಲ್ಲಿ ಸರ್ಕಾರ ಈ ಸೀಮೆಯನ್ನು ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶ ಎಂದು ಘೋಷಿಸಿತು. ಆಮೇಲೆ ಚೆಲುವಿಗೂ ಕಾಯ್ದೆಯ ಕಾವಲು ಸಿಕ್ಕಿತು.

ಇವತ್ತಿನ ಆಳುಕಾಳು ಎಲ್ಲಿರುತ್ತಾರೆ ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ರಾತ್ರಿ ಮೋರ್ಟನ್ ಇನ್ ಮಾರ್ಷ್‌ನಲ್ಲಿ ತಂಗಿದ್ದೆವು. ಏಳು ಗಂಟೆಗೆ ಬೀದಿಗೆ ಬಂದರೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಮೂವತ್ತರ ಆಸುಪಾಸಿನ ಒಬ್ಬಳು ಕೂತಿದ್ದಳು, ಜಾಕೆಟ್ಟಿನ ಕೆಳಗೆ ನೇರಳೆ ಬಣ್ಣದ ಸಮವಸ್ತ್ರ. ಕೊಟ್ಟಾಯಂ ಕಡೆಯವಳು. ಮನೆ ಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ, ಔಷಧಿ, ತಿಂಡಿ ಮಾಡಿಸುವ ಕೆಲಸ. ಸಹೋದ್ಯೋಗಿಯ ಕಾರಿಗೆ ಕಾಯುತ್ತಿದ್ದಳು. ‘ಇಲ್ಲೇ ಇರೋದಾ?’ ಅಂದೆ. ನಕ್ಕಳು. ಈ ಊರುಗಳ ಬಾಡಿಗೆ ತನ್ನ ಸಂಬಳಕ್ಕಿಂತ ಜಾಸ್ತಿ, ತಾನು ಇರುವುದು ಚೆಲ್ಟನ್‌ಹ್ಯಾಮಿನಲ್ಲಿ, ಮೂವರು ಸೇರಿ ಒಂದು ಮನೆ ಎಂದಳು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಹೊತ್ತಿಗೆ ಸಂಬಳ ಇಲ್ಲವಂತೆ. ಸುತ್ತಲಿನ ಚೆಂದದ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಲು ಬಾಯಿ ತೆರೆದವರು ನಾವಲ್ಲದೆ ಮತ್ತ್ಯಾರು? ಕೇಳಿಯೂಬಿಟ್ಟೆ. ‘ಕತ್ತಲಲ್ಲಿ ಬರ್ತೀನಿ, ಕತ್ತಲಲ್ಲಿ ಹೋಗ್ತೀನಿ. ಬೇಸಿಗೆ ಬಂದ್ರೆ ನೋಡ್ಬೇಕು’ ಅಂದಳು. ಕಾರು ಬಂತು.

ನಮ್ಮವರು ಏಳುವ ಮೊದಲು ಮೂರ‍್ನಾಲ್ಕು ಕಿಲೋಮೀಟರು ನಡೆದು ಬೋರ್ಟನ್ ಆನ್ ದ ಹಿಲ್ ದಾಟಿ ಹೊಲದ ನಡುವಿನ ಕಾಲುದಾರಿ ಹಿಡಿದೆ. ಸ್ವಲ್ಪ ದೂರ ಹೋದರೆ ಓಕ್ ಮರಗಳ ಆಚೆ ಹಸಿರು ತಾಮ್ರದ ಒಂದು ಈರುಳ್ಳಿ ಗುಮ್ಮಟ ಎದ್ದಿತ್ತು. ಅದು ಸೆಜಿನ್‌ಕೋಟ್. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ಮರಳಿದ ಚಾರ್ಲ್ಸ್ ಕಾಕರೆಲ್, ತನ್ನ ಅಣ್ಣ ಬಿಟ್ಟುಹೋದ ಜಾಗದಲ್ಲಿ, 1805ರ ಸುಮಾರಿಗೆ ಇನ್ನೊಬ್ಬ ಸೋದರನಾದ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್‌ನಿಂದ ಕಟ್ಟಿಸಿದ ಮೊಗಲಾಯಿ ಬಂಗಲೆ. ಭಾರತದ ತುಂಬ ಸುತ್ತಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್ ತೋಟದ ವಿನ್ಯಾಸಕ್ಕೆ ಕೈಜೋಡಿಸಿದ. ತೋಟದೊಳಗೆ ಸೂರ್ಯನ ಗುಡಿ ಇದೆ, ಸೇತುವೆಯ ಮೇಲೆ ನಂದಿಗಳಿವೆ. ನಾನು ಕಂಡದ್ದು ಗುಮ್ಮಟವನ್ನಷ್ಟೇ. ಕೆಲವೇ ಮೈಲು ದೂರದ ಡೇಲ್ಸ್‌ಫರ್ಡ್ ಇನ್ನೊಂದು ಇಂಥದೇ ಕತೆ. ವಾರನ್ ಹೇಸ್ಟಿಂಗ್ಸ್‌ನ ಪೂರ್ವಿಕರು ಕಳೆದುಕೊಂಡಿದ್ದ ಆಸ್ತಿ ಅದು. ಹೈದರಾಲಿಯೊಂದಿಗೆ ಕಂಪನಿ ಯುದ್ಧ ಮಾಡುತ್ತಿದ್ದಾಗ ಗವರ್ನರ್ ಜನರಲ್ ಆಗಿದ್ದ ಈತ ಊರಿಗೆ ಮರಳಿ 1788ರಲ್ಲಿ ಅದನ್ನು ಮತ್ತೆ ಕೊಂಡ. ಅದೇ ವರ್ಷ ಬನಾರಸಿನ ರಾಜನನ್ನೂ ಅವಧದ ಬೇಗಮರನ್ನೂ ಸುಲಿದ ಆರೋಪದ ಮೇಲೆ ಪಾರ್ಲಿಮೆಂಟಿನಲ್ಲಿ ಅವನ ವಿಚಾರಣೆ ಶುರುವಾಯಿತು. ಏಳು ವರ್ಷ ನಡೆದು ಖುಲಾಸೆಯಾಯಿತು. ಅಷ್ಟರಲ್ಲಿ ಮನೆಯೂ ಎದ್ದಿತ್ತು, ವಾಸ್ತುಶಿಲ್ಪಿ ಅದೇ ಕಾಕರೆಲ್. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಸುಪರ್ದಿಯ 93 ಜಾಗಗಳಿಗೆ ವಸಾಹತು ಮತ್ತು ಗುಲಾಮಗಿರಿಯ ಹಣದ ನಂಟಿದೆ ಎಂದು ವರದಿ ಕೊಟ್ಟಾಗ ಇಂಗ್ಲೆಂಡಿನಲ್ಲಿ ಗದ್ದಲವೋ ಗದ್ದಲ. ಚಹಾ ಕುಡಿಯಲು ಬಂದವರಿಗೆ ಯಾಕೆ ಪಾಪಪ್ರಜ್ಞೆ ಉಣಿಸುತ್ತೀರಿ ಎಂಬುದು ಒಟ್ಟು ಆಕ್ಷೇಪದ ಸಾರ.

ಈ ಭಾಗವನ್ನು ನಮ್ಮವರಿಗೆ ಹೇಳಿದಾಗ ಮಾತ್ರ ಕಾರಿನಲ್ಲಿ ಎಲ್ಲರ ಕಿವಿ ನಿಮಿರಿತು. ‘ನಮ್ಮ ದುಡ್ಡು ಕಣ್ರೀ ಇದೆಲ್ಲ’ ಎಂದು ಭಾವ ಸ್ಟೀರಿಂಗ್ ಕುಟ್ಟಿದರು. ಕೊಹಿನೂರು ಬಂತು, ಟಿಪ್ಪುವಿನ ಹುಲಿ ಬಂತು, ಆ ಹುಲಿಯನ್ನು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ನೋಡಿದ ನೆನಪು ಬಂತು. ನನಗೆ ಇಲ್ಲಿ ಇರುಸುಮುರುಸಾಗುತ್ತದೆ. ಲೂಟಿ ಲೂಟಿಯೇ, ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ‘ನಮ್ಮ’ ಎಂಬ ಆ ಪದದೊಳಗೆ ಯಾರ‍್ಯಾರು ಇದ್ದರು? ಅವಧದ ಬೇಗಮರ ಖಜಾನೆ ಬನವಾಸೆಯ ಜೀತದಾಳಿಗೆ ಯಾವತ್ತು ಸೇರಿತ್ತು? ನಾನು ಲೈಬ್ರರಿಯಲ್ಲಿ ಓದುತ್ತಿದ್ದುದರಲ್ಲಿ ಒಂದು ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ 1894ರಲ್ಲಿ ಪ್ರಕಟಿಸಿದ ಪುಸ್ತಕ, ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಬೆಳೆಯ ಮೇಲೆ. ಶೀರ್ಷಿಕೆಯಲ್ಲೇ ಎಲ್ಲ ಇದೆ, ಕೂಲಿಯ ಮಾತೊಂದು ಬಿಟ್ಟು. ಆ ಬಿಳಿಯರು ಹೋದರು, ತೋಟಗಳು ನಮ್ಮವರ ಕೈಗೆ ಬಂದವು, ಲೈನು ಮನೆಯಲ್ಲಿದ್ದವರು ಲೈನು ಮನೆಯಲ್ಲೇ ಉಳಿದರು. ಇಂಗ್ಲೆಂಡಿನ ಮಹಲು ನೋಡಿದಾಗ ನಾವು ಸಂತ್ರಸ್ತರು. ಇಂಗ್ಲೆಂಡಿನ ಹಳ್ಳಿ ನೋಡಿದಾಗ ಒಡೆಯರು. ಒಂದೇ ವೀಕೆಂಡಿನಲ್ಲಿ ಎರಡೂ ಪಾತ್ರ. ಹಳ್ಳಿ ಅಂದ್ರೆ ಹೀಗಿರಬೇಕು ಎನ್ನುವವನು ಯಾವತ್ತೂ ಸಗಣಿ ಬಾಚುವವನ ಜಾಗದಲ್ಲಿ ನಿಂತು ಹಾಗೆ ಹೇಳುವುದಿಲ್ಲ. ಸಗಣಿ ಕಾಣಬಾರದು ಎಂಬುದು ಅವನ ಆಸೆ, ಬಾಚುವವನೂ.

ಇದಕ್ಕೆ ಅಕ್ಕ ಕೊಟ್ಟ ಉತ್ತರವನ್ನೂ ಬರೆಯಬೇಕು, ಯಾಕೆಂದರೆ ಅದಕ್ಕೆ ನನ್ನಲ್ಲಿ ಸಲೀಸಾದ ಜವಾಬಿರಲಿಲ್ಲ. ‘ನಾನು ವಾರವಿಡೀ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮಾಡ್ತೀನಿ. ಎರಡು ದಿನ ಕಣ್ಣಿಗೆ ತಂಪಾಗಲಿ ಅಂತ ಬಂದ್ರೆ ಅದಕ್ಕೂ ಪರೀಕ್ಷೆ ಬರೀಬೇಕಾ?’ ಅಂದರು. ಬೇಡ. ದುಡಿದವರಿಗೆ ಚೆಲುವಿನ ಹಕ್ಕಿದೆ. ನಿಜಕ್ಕೂ ಅವರಿಗೇ ಮೊದಲು ಇರಬೇಕಾದದ್ದು. ನನ್ನ ಜಗಳ ನೋಡುವವರೊಂದಿಗಲ್ಲ, ನೋಡಿ ಬಂದು ಬರೆಯುವವರೊಂದಿಗೆ. ಶಿವರಾಮ ಕಾರಂತರು ‘ಅಪೂರ್ವ ಪಶ್ಚಿಮ’ ಬರೆದ ಕಾಲಕ್ಕೆ ಅದನ್ನು ಓದಿಯೇ ಯೂರೋಪ್ ತಿಳಿಯಬೇಕಿತ್ತು. ಈಗ ಬೈಬರಿಯ ಚಿತ್ರ ಎಲ್ಲರ ಅಂಗೈಯಲ್ಲಿದೆ. ಚಿತ್ರದಲ್ಲಿ ಕಾಣದ್ದನ್ನು ಹೇಳದಿದ್ದರೆ ಎಂಟುನೂರು ಪದಗಳ ಪ್ರವಾಸ ಲೇಖನ ಯಾಕೆ ಬೇಕು? ಮನೆ ಚೆಂದವಿದ್ದರೆ ಅದರ ಬಾಡಿಗೆ ಎಷ್ಟು ಎಂದು ಕೇಳಿ. ಗೋಡೆ ಚೆಂದವಿದ್ದರೆ ಯಾವಾಗ ಕಟ್ಟಿದ್ದು ಎಂದು ಕೇಳಿ. ನಿಶ್ಶಬ್ದವಿದ್ದರೆ, ಯಾರು ಹೋದ ಮೇಲೆ ಈ ನಿಶ್ಶಬ್ದ ಬಂತು ಎಂದು ಕೇಳಬೇಕು. ಇದಕ್ಕೆ ಪಿಎಚ್‌ಡಿ ಬೇಡ. ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಮಧ್ಯಾಹ್ನ ಅವರೆಲ್ಲ ಬಿಸ್ಟರ್ ವಿಲೇಜ್‌ಗೆ ಹೊರಟರು. ಹೆಸರಲ್ಲಿ ವಿಲೇಜ್ ಇದೆಯೇ ಹೊರತು ಅದು ದುಬಾರಿ ಬ್ರ್ಯಾಂಡುಗಳ ಸಾಲು ಅಂಗಡಿ. ಅದೂ ಒಂದು ರೀತಿ ಪ್ರಾಮಾಣಿಕವಾದ ಹಳ್ಳಿ, ಅಲ್ಲಿ ಎಲ್ಲದರ ಮೇಲೂ ಬೆಲೆ ಬರೆದಿರುತ್ತದೆ. ಸುತ್ತು ಬಳಸಿಯಾದರೂ ನನ್ನನ್ನು ಆಸ್ಕಾಟ್ ಅಂಡರ್ ವಿಚ್‌ವುಡ್ ಎಂಬ ಊರಿನಲ್ಲಿ ಇಳಿಸಿ ಹೋದರು. ಭಾವ ಕಾರಿನಿಂದ ಇಣುಕಿ ‘ಇಲ್ಲೇನಿದೆ?’ ಎಂದರು. ನೋಡಲು ಏನೂ ಇಲ್ಲ. ಒಂದು ಹುಲ್ಲಿನ ಬಯಲು, ಒಂದು ಮರ, ಮರದ ಸುತ್ತ ಬೆಂಚು.

1872ರಲ್ಲಿ ಜೋಸೆಫ್ ಆರ್ಚ್ ಎಂಬ ಬೇಲಿ ಕತ್ತರಿಸುವ ಕೂಲಿಯೊಬ್ಬ ಪಕ್ಕದ ವಾರಿಕ್‌ಷೈರಿನಲ್ಲಿ ಕೃಷಿ ಕಾರ್ಮಿಕರ ಸಂಘ ಕಟ್ಟಿದ. ಅದು ಹೊಲದಿಂದ ಹೊಲಕ್ಕೆ ಹಬ್ಬಿ ಆಸ್ಕಾಟಿಗೂ ಬಂತು. 1873ರ ಮೇ ತಿಂಗಳಲ್ಲಿ ಇಲ್ಲಿನ ಒಬ್ಬ ರೈತ, ಸಂಘ ಸೇರಿದ ಆಳುಗಳ ಜಾಗಕ್ಕೆ ಬೇರೆ ಊರಿನ ಇಬ್ಬರು ಹುಡುಗರನ್ನು ಕರೆತಂದ. ಊರಿನ ಹೆಂಗಸರು ಹೊಲದ ದಾರಿಗೆ ಅಡ್ಡ ನಿಂತು ಕೆಲಸಕ್ಕೆ ಹೋಗಬೇಡಿ, ನೀವೂ ಸಂಘಕ್ಕೆ ಬನ್ನಿ ಎಂದು ಆ ಹುಡುಗರನ್ನು ತಡೆದರು. ಕೋಲು ಹಿಡಿದಿದ್ದರು ಎಂದು ರೈತನ ಕಡೆಯವರು ಹೇಳಿದರು. ಚಿಪಿಂಗ್ ನಾರ್ಟನ್‌ನ ನ್ಯಾಯಪೀಠದಲ್ಲಿ ಅವತ್ತು ಕೂತಿದ್ದವರು ಇಬ್ಬರು ಪಾದ್ರಿಗಳು. ಹದಿನಾರು ಹೆಂಗಸರಿಗೆ ಏಳರಿಂದ ಹತ್ತು ದಿನ ಕಠಿಣ ಸಜೆ ಕೊಟ್ಟರು. ಇಬ್ಬರ ಕಂಕುಳಲ್ಲಿ ಹಾಲು ಕುಡಿಯುವ ಕೂಸುಗಳಿದ್ದವು, ಅವೂ ಜೈಲಿಗೆ ಹೋದವು. ಊರಿನ ಜನ ರೊಚ್ಚಿಗೆದ್ದು ಪೊಲೀಸ್ ಠಾಣೆಯ ಕಿಟಕಿ ಒಡೆದಾಗ, ರಾತ್ರೋರಾತ್ರಿ ಅವರನ್ನು ಗಾಡಿಯಲ್ಲಿ ಆಕ್ಸ್‌ಫರ್ಡಿನ ಜೈಲಿಗೆ ಸಾಗಿಸಿದರು. ಬಿಡುಗಡೆಯಾಗಿ ಬಂದಾಗ ಸಂಘದವರು ಮೆರವಣಿಗೆ ಮಾಡಿ ಕರೆತಂದರು. ಪತ್ರಿಕೆಗಳಲ್ಲೂ ಪಾರ್ಲಿಮೆಂಟಿನಲ್ಲೂ ಮಾತಾಯಿತು. ಯಾವ ಕಾಯ್ದೆಯಡಿ ಅವರನ್ನು ಶಿಕ್ಷಿಸಿದ್ದರೋ ಆ ಕಾಯ್ದೆ 1875ರಲ್ಲಿ ರದ್ದಾಯಿತು.

ಪ್ರಾಟ್ಲಿ ಎಂಬ ಮನೆತನದ ಹೆಂಗಸರೇ ಅವರಲ್ಲಿ ಹಲವರು. ಈ ಸುತ್ತಿನ ಹಳ್ಳಿಗಳಲ್ಲಿ ಆಗ ಹೆಂಗಸರು ಹೊಲದ ಕೆಲಸ ಮುಗಿಸಿ ಮನೆಯಲ್ಲಿ ಚರ್ಮದ ಕೈಗವಸು ಹೊಲಿಯುತ್ತಿದ್ದರು, ಲಂಡನ್ನಿನ ಶ್ರೀಮಂತರ ಬೆರಳುಗಳಿಗೆ. ನನ್ನ ಅಜ್ಜಿ ಒಮ್ಮೆ, ಮಳೆಗಾಲದ ಕೂಲಿ ಹೆಚ್ಚಿಸಿ ಎಂದು ಲೈನಿನ ಹೆಂಗಸರೆಲ್ಲ ಎರಡು ದಿನ ಬುಟ್ಟಿ ಮಗುಚಿಟ್ಟು ಕೂತ ಕತೆ ಹೇಳುತ್ತಿದ್ದಳು. ಅದು ಯಾವ ಇಸವಿ ಎಂದು ಎಷ್ಟು ಕೇಳಿದರೂ ‘ನಿಮ್ಮಮ್ಮ ನಡೆಯೋಕೆ ಕಲ್ತ ವರ್ಷ’ ಎನ್ನುತ್ತಾಳೆ. ನನ್ನ ಗೈಡು ಅದನ್ನು ಅಡಿಟಿಪ್ಪಣಿಯಲ್ಲಿ ಹಾಕಲು ಒಪ್ಪಿಲ್ಲ, ದಾಖಲೆ ಬೇಕಂತೆ. ಆಸ್ಕಾಟಿನವರು ದಾಖಲೆ ಉಳಿಯಲಿ ಎಂದು ಮರ ನೆಟ್ಟು ಬೆಂಚು ಹಾಕಿದ್ದಾರೆ. ಅದರ ಮೇಲೆ ಅರ್ಧ ತಾಸು ಕೂತಿದ್ದೆ. ನಾಯಿ ಕರೆದುಕೊಂಡು ಬಂದ ಒಬ್ಬರು ಗುಡ್ ಆಫ್ಟರ್‌ನೂನ್ ಹೇಳಿ ಹೋದರು. ಪ್ರವಾಸಿಗರು ಇನ್ನೊಬ್ಬರೂ ಬರಲಿಲ್ಲ.

ಹೊಲದ ದಾರಿಯಲ್ಲಿ ಚಾರ್ಲ್‌ಬರಿಯವರೆಗೆ ನಡೆದು ಪ್ಯಾಡಿಂಗ್ಟನ್ ರೈಲು ಹತ್ತಿದೆ. ಅಷ್ಟರಲ್ಲಿ ಅಕ್ಕ ವಾಟ್ಸಾಪಿನ ಗುಂಪಿಗೆ ಎರಡು ದಿನದ ಫೋಟೋಗಳನ್ನೆಲ್ಲ ಹಾಕಿಯಾಗಿತ್ತು, ಇನ್ನೂರಕ್ಕೂ ಹೆಚ್ಚು. ನಾನು ಆ ಬೆಂಚಿನದೊಂದು ಸೇರಿಸಿದೆ. ಸ್ವಲ್ಪ ಹೊತ್ತಿಗೆ ಭಾವನ ಮೆಸೇಜು ಬಂತು: ‘ಇದ್ಯಾವ ಪಾರ್ಕು?’ ಆಕ್ಸ್‌ಫರ್ಡ್ ದಾಟುವಾಗ ಟೈಪ್ ಮಾಡಲು ಶುರು ಮಾಡಿದೆ. ರೆಡಿಂಗ್ ಬಂದರೂ ಇನ್ನೂ ಬರೆಯುತ್ತಲೇ ಇದ್ದೆ.